ಕಿವಿ ಮೇಡಂ ಹಿಡಿದ ದನಿ

ಬಸ್ಸಿನಿಂದ ಇಳಿಸಿದ ಸಾಮಾನು ಇನ್ನೂ ಎಣಿಸಿ ಮುಗಿದಿರಲಿಲ್ಲ, ಆಗಲೇ ತಮ್ಮನ ಫೋನು ಬಡಿದುಕೊಂಡಿತು. ಹಿಂದಿನ ಬಸ್ಸಿಗೆ ಬರಬೇಕಿದ್ದ, ಶೂಟಿಂಗಿಗೆ ದನಿ ರೆಕಾರ್ಡ್ ಮಾಡುವ ನಮ್ಮ ಸೌಂಡಿನವನು ಮನೆ ಮೆಟ್ಟಿಲ ಮೇಲೆ ಕಾಲು ಜಾರಿ ಬಿದ್ದು ಮೂಳೆ ಮುರಿದುಕೊಂಡಿದ್ದ. ಅವನ ಜೊತೆ ಅವನ ಮೆಷಿನ್ನೂ ಮೆಟ್ಟಿಲು ಉರುಳಿತ್ತಂತೆ. ಕಾಲಿಗೆ ಪ್ಲಾಸ್ಟರ್ ಹಾಕಿದ್ದರು, ಮೆಷಿನ್ನಿಗೆ ಏನೂ ಹಾಕುವ ಹಾಗಿರಲಿಲ್ಲ.

"ಈಗೇನೋ ಮಾಡೋದು?" ಅಂದೆ.

"ಏನಿದೆ ಅಕ್ಕ, ಶೂಟ್ ಮುಗಿಸ್ಕೊಂಡು ಹೋಗೋಣ. ಆಮೇಲೆ ಡಬ್ಬಿಂಗ್..." ಅಂದವನು ನಾಲಿಗೆ ಕಚ್ಚಿಕೊಂಡ.

ಅಪ್ಪ ಪಕ್ಕದಲ್ಲೇ ಸೂಟ್‌ಕೇಸಿನ ಮೇಲೆ ಕೂತು ಬಿಸಿನೀರಿನ ಫ್ಲಾಸ್ಕಿನ ಮುಚ್ಚಳ ತಿರುಗಿಸುತ್ತಿದ್ದರು. ಅವರಿಗೆ ಕೇಳಿಸಿತು. ಎರಡು ಗುಟುಕು ನೀರು ಕುಡಿದರು.

ಇಲ್ಲಿ ನಮ್ಮ ಅಪ್ಪನ ವಿಷಯ ಹೇಳಬೇಕು, ಇಲ್ಲದಿದ್ದರೆ ಕಾಲು ಮುರಿದದ್ದಕ್ಕೆ ಇಷ್ಟೊಂದು ರಾಮಾಯಣ ಯಾಕೆ ಅನ್ನಿಸುತ್ತದೆ. ಅಪ್ಪ ನಲವತ್ತು ವರ್ಷ ಡಬ್ಬಿಂಗ್ ಕಲಾವಿದರು. ತೆರೆಯ ಮೇಲೆ ಯಾರದೋ ಬಾಯಿ ಆಡುತ್ತದೆ, ದನಿ ಅಪ್ಪನದು. ಖಳನಾಯಕ, ನ್ಯಾಯಾಧೀಶ, ನಾಯಕಿಯ ಸಿಡುಕ ತಂದೆ, ಒಂದೆರಡು ಸಲ ನಾಯಿ. ಅಪ್ಪನ ಮುಖ ಮಾತ್ರ ಯಾವ ಚಿತ್ರದಲ್ಲೂ ಬಂದಿಲ್ಲ. ಹೋದ ತಿಂಗಳು ಅವರ ಧ್ವನಿಪೆಟ್ಟಿಗೆಯಲ್ಲಿ ಗಡ್ಡೆ ಕಂಡಿತು. ಪೆಟ್ಟಿಗೆಯನ್ನೇ ತೆಗೆಯಬೇಕು ಅಂದರು. ನಾನು ಅದೇ ಆಸ್ಪತ್ರೆಯಲ್ಲಿ ಹದಿನೆಂಟು ವರ್ಷದಿಂದ ಸ್ಟೋರ್ ನೋಡಿಕೊಳ್ಳುವವಳು. ಡಾಕ್ಟರ ಹಿಂದೆ ಬಿದ್ದು ಒಂದೇ ಒಂದು ವಾರ ಕೇಳಿ ತಗೊಂಡೆ. ಬರುವ ಮಂಗಳವಾರ ಆಪರೇಷನ್. ಅದಾದ ಮೇಲೆ ಅಪ್ಪನ ದನಿ ಇಲ್ಲ.

ಹತ್ತು ವರ್ಷ ಬೇರೆಯವರ ಕೈಕೆಳಗೆ ಸಹಾಯಕ ನಿರ್ದೇಶಕನಾಗಿ ದುಡಿದ ತಮ್ಮ, ಆ ಒಂದು ವಾರದಲ್ಲಿ ಇಪ್ಪತ್ತು ನಿಮಿಷದ ಚಿತ್ರ ಮಾಡಲು ಹೊರಟಿದ್ದ. ಒಬ್ಬ ಮುದುಕ ಬಾಡಿಗೆ ಮನೆ ಖಾಲಿ ಮಾಡುವ ದಿನದ ಕಥೆ. ಒಂದು ಸಲವಾದರೂ ಅಪ್ಪನ ಮುಖಕ್ಕೆ ಅಪ್ಪನದೇ ದನಿ ಇರಲಿ ಎಂಬುದಷ್ಟೇ ಆಸೆ. ಈಗ ಬೇರೆ ಊರಿನಲ್ಲಿರುವ ಅವನ ಗೆಳೆಯ, ಮುಂದಿನ ತಿಂಗಳು ಕೆಡವಲಿರುವ ತನ್ನ ಹಳೇ ಮನೆಯನ್ನು ಬಿಟ್ಟಿ ಕೊಟ್ಟಿದ್ದ. ಅದಕ್ಕೇ ಏಳು ಗಂಟೆ ಬಸ್ಸಿನಲ್ಲಿ ಕೂತು, ಒಬ್ಬರ ಪರಿಚಯವೂ ಇಲ್ಲದ ಈ ಊರಿಗೆ ಬಂದದ್ದು. ತಮ್ಮ, ನಾನು, ಅಪ್ಪ, ಒಬ್ಬ ಕ್ಯಾಮೆರಾದವನು, ಇಷ್ಟೇ ನಮ್ಮ ಸೈನ್ಯ. ಈಗ ದನಿ ಹಿಡಿಯುವವನೇ ಇಲ್ಲ. ಊರಿಗೆಲ್ಲ ದನಿ ಕೊಟ್ಟ ಅಪ್ಪನ ಮುಖಕ್ಕೆ ಯಾರೋ ಬಾಡಿಗೆಯವನು ದನಿ ಕೊಡುವುದನ್ನು ನಾನು ಒಪ್ಪುವವಳಲ್ಲ.

"ಇವತ್ತು ಗುರುವಾರ. ನಾಳೆ ಬೆಳಿಗ್ಗೆಯೊಳಗೆ ನಾನು ಒಬ್ಬರನ್ನ ಹುಡುಕ್ತೀನಿ. ನೀನು ತಲೆ ಮೇಲೆ ಕೈ ಹೊತ್ತು ಕೂರಬೇಡ," ಎಂದು ತಮ್ಮನಿಗೆ ಹೇಳಿ ಚಪ್ಪಲಿ ಮೆಟ್ಟಿದೆ. ಕೋಪ ನನಗೆ ಮೂಗಿನ ತುದಿಯಲ್ಲೇ ಇರುತ್ತದೆ, ಆದರೆ ಹೊಸ ಊರಿನ ಅಂಗಡಿಗಳ ಕಪಾಟು ಕಂಡರೆ ಅದು ಇಳಿದುಬಿಡುತ್ತದೆ. ಯಾರ ಬಳಿ ಏನಿದೆ, ಅದನ್ನು ಹೇಗೆ ಜೋಡಿಸಿಟ್ಟಿದ್ದಾರೆ ಎಂದು ನೋಡುವುದು ನನ್ನ ಹುಟ್ಟುಗುಣ.

ಮೊದಲು ಸಿಕ್ಕಿದ್ದು ಮದುವೆ ವಿಡಿಯೋ ತೆಗೆಯುವವರ ಅಂಗಡಿ. ಮಾಲೀಕರು ತುಂಬ ಸಾಧು ಮನುಷ್ಯ. ಮೈಕು, ರೆಕಾರ್ಡರ್ ಇದೆಯಾ ಎಂದು ಕೇಳಿದ್ದಕ್ಕೆ ಸ್ಟೂಲು ಹತ್ತಿ ಅಟ್ಟದಿಂದ ಒಂದು ಪೆಟ್ಟಿಗೆ ಇಳಿಸಿದರು. ಧೂಳು ಒರೆಸಿ ನೋಡಿದರೆ ಒಳಗಿನ ಪ್ಲಾಸ್ಟಿಕ್ ಕವರೇ ಬಿಚ್ಚಿರಲಿಲ್ಲ.

"ಕ್ಯಾಮೆರಾ ಜೊತೆ ಫ್ರೀ ಕೊಟ್ಟಿದ್ರು. ಐದು ವರ್ಷ ಆಯ್ತು," ಅಂದರು.

"ಒಂದ್ಸಲಾನೂ ಬಳಸಿಲ್ವಾ?"

"ಮದುವೇಲಿ ಯಾರ ಮಾತು ಯಾರಿಗೆ ಬೇಕು ಮೇಡಂ? ಎಲ್ಲದರ ಮೇಲೂ ಹಾಡು ಹಾಕ್ತೀವಿ. ಮಾತು ಕೇಳಿಸಿದ್ರೇ ಜಗಳ," ಎಂದು ನಕ್ಕರು. ಭಾನುವಾರದವರೆಗೆ ಇಟ್ಟುಕೊಳ್ಳಿ, ಕೆಲಸ ಮಾಡುತ್ತಾ ಅಂತ ನನಗೂ ಗೊತ್ತಾಗುತ್ತೆ ಎಂದು ಪೆಟ್ಟಿಗೆಯನ್ನು ಕೈಗಿಟ್ಟರು. ಅದನ್ನು ನಡೆಸುವವರು ಮಾತ್ರ ಅವರ ಬಳಿ ಇರಲಿಲ್ಲ.

ಎರಡು ಬೀದಿ ದಾಟಿದರೆ ಧ್ವನಿವರ್ಧಕ ಬಾಡಿಗೆಗೆ ಕೊಡುವವರ ಗೋದಾಮು. ಒಳಗೆ ಆಳೆತ್ತರದ ಸ್ಪೀಕರುಗಳು ಗೋಡೆಗೆ ಮುಖ ಮಾಡಿ ನಿಂತಿದ್ದವು. ಅದರ ಯಜಮಾನರಿಗೆ ನಾನು ಎರಡೆರಡು ಸಲ ಕೂಗಿ ಹೇಳಬೇಕಾಯಿತು. ಮೂವತ್ತು ವರ್ಷ ಸ್ಪೀಕರ್ ಪಕ್ಕದಲ್ಲಿ ನಿಂತರೆ ಇನ್ನೇನಾಗುತ್ತದೆ!

"ನಮ್ಮದೇನಿದ್ರೂ ಸದ್ದು ಹೊರಗೆ ಬಿಡೋ ಕೆಲಸ. ಒಳಗೆ ತಗೊಳೋದು ಗೊತ್ತಿಲ್ಲ," ಅಂದರು. ನಾನು ಹೊರಡುವಾಗ ಏನೋ ನೆನಪಾಗಿ ತಡೆದರು. "ಕಿವಿಗೆ ಹಾಕ್ಕೊಂಡು ಕೇಳೋರು ಬೇಕು ಅಂದ್ರಲ್ಲ? ನೀರಿನ ಆಫೀಸಲ್ಲಿ ಕಿವಿ ಮೇಡಂ ಇದ್ದಾರೆ ನೋಡಿ. ದಿನಾ ಅದೇ ಕೆಲಸ ಅವರದು."

ನೀರಿನ ಆಫೀಸಿಗೂ ಸಿನಿಮಾಕ್ಕೂ ಎತ್ತಣಿಂದೆತ್ತಣ ಸಂಬಂಧ ಎಂದುಕೊಳ್ಳುತ್ತಲೇ ಹೋದೆ. ಕುತೂಹಲ ಬಿಡಬೇಕಲ್ಲ.

ನೆಲಮಹಡಿಯ ಕೊನೆಯ ಕೋಣೆ. ಕಿಟಕಿಯ ದಂಡೆಯ ಮೇಲೆ ಒಡೆದ ಪೈಪಿನ ತುಂಡುಗಳನ್ನು ಸಾಲಾಗಿ ಇಟ್ಟಿದ್ದರು. ಒಂದೊಂದಕ್ಕೂ ದಾರ ಕಟ್ಟಿ, ಚೀಟಿಯಲ್ಲಿ ಬೀದಿ ಮತ್ತು ತಾರೀಕು ಬರೆದಿದ್ದರು. ಅದನ್ನು ನೋಡಿದ್ದೇ ಆ ಕೋಣೆಯವರ ಮೇಲೆ ನನಗೆ ಗೌರವ ಬಂತು. ಕಿವಿ ಮೇಡಂ ಎಂದರೆ ಐವತ್ತರ ಸುಮಾರಿನ ಸಣ್ಣ ಹೆಂಗಸು, ಕತ್ತಿನಲ್ಲಿ ದೊಡ್ಡ ಹೆಡ್‌ಫೋನು. ಬೆಳಗಿನ ಜಾವ ರಸ್ತೆಗಳಲ್ಲಿ ಸದ್ದಿಲ್ಲದ ಹೊತ್ತಿನಲ್ಲಿ, ನೆಲಕ್ಕೆ ಒಂದು ಯಂತ್ರ ಇಟ್ಟು, ಭೂಮಿಯೊಳಗಿನ ಪೈಪು ಎಲ್ಲಿ ಸೋರುತ್ತಿದೆ ಎಂದು ಕೇಳಿ ಹೇಳುವುದು ಅವರ ಕೆಲಸ. ಅವರು ಸುಣ್ಣದಲ್ಲಿ ಗುರುತು ಹಾಕಿದ ಕಡೆ ಅಗೆದರೆ ಒಂದು ಮೊಳವೂ ಆಚೀಚೆ ಆಗುವುದಿಲ್ಲವಂತೆ.

"ಸಣ್ಣ ತೂತು ಜಾಸ್ತಿ ಸದ್ದು ಮಾಡುತ್ತೆ," ಎಂದು ಒಂದು ತುಂಡು ಎತ್ತಿ ತೋರಿಸಿದರು. "ದೊಡ್ಡದು ಸುಮ್ನೆ ಹರಿದುಹೋಗುತ್ತೆ. ಅದನ್ನ ಹಿಡಿಯೋದೇ ಕಷ್ಟ."

ನಾನು ಬಂದ ಕಾರಣ ಹೇಳಿದೆ. ಅಪ್ಪನ ವಿಷಯವನ್ನೂ, ಮಂಗಳವಾರದ ವಿಷಯವನ್ನೂ ಹೇಳಿದೆ. ಅವರು ಪೈಪಿನ ತುಂಡನ್ನು ದಂಡೆಯ ಮೇಲೆ ಅದರ ಜಾಗದಲ್ಲೇ ಇಟ್ಟರು.

"ಇಪ್ಪತ್ತಾರು ವರ್ಷದಿಂದ ನೀರು ಕೇಳ್ತಿದೀನಿ. ಮನುಷ್ಯರನ್ನ ಕಿವಿಗಿಟ್ಟು ಕೇಳಿಲ್ಲ. ಹೇಗಿರುತ್ತೋ ನೋಡೋಣ," ಅಂದರು. "ನಾಳೆ ಬೆಳಿಗ್ಗೆ ಎಂಟು ಗಂಟೆಗೆ ನನ್ನ ಪಾಳಿ ಮುಗಿಯುತ್ತೆ. ನೇರ ಶೂಟಿಂಗ್ ಮನೆಗೇ ಬರ್ತೀನಿ."

ಅಂದು ಸಂಜೆ ಆಸ್ಪತ್ರೆ ಹಾಸಿಗೆಯಿಂದಲೇ ಸೌಂಡಿನವನು ಫೋನಿನಲ್ಲಿ ಅವರಿಗೆ ಪಾಠ ಹೇಳಿದ. ಯಾವ ಗುಂಡಿ ಒತ್ತಬೇಕು, ಸದ್ದು ತೋರಿಸುವ ಮುಳ್ಳು ಎಲ್ಲಿಯವರೆಗೆ ಏರಬೇಕು, ಮೈಕು ಬಾಯಿಂದ ಎಷ್ಟು ದೂರ. ಅವರು ಮರುಪ್ರಶ್ನೆ ಕೇಳಲಿಲ್ಲ, ಎಲ್ಲವನ್ನೂ ಚೀಟಿಯಲ್ಲಿ ಬರೆದು ದಾರ ಕಟ್ಟಿಕೊಂಡರು. ಮೈಕು ಎತ್ತಿ ಹಿಡಿಯಲು ಕೋಲು ಬೇಕಾಗಿತ್ತು. ಎದುರು ಮನೆಗೆ ಬಣ್ಣ ಬಳಿಯುತ್ತಿದ್ದವನಿಂದ ಚಾವಣಿಗೆ ಹಚ್ಚುವ ರೋಲರಿನ ಉದ್ದ ಸರಳು ಕೇಳಿ ತಂದೆ. ಅದನ್ನು ಹಿಡಿದು ನಿಲ್ಲುವ ಕೆಲಸ ನನ್ನ ಪಾಲಿಗೇ ಬಂತು. ಹಾಸಿಗೆ ಅಂಗಡಿಯಿಂದ ಹನ್ನೆರಡು ರಜಾಯಿ ತಂದು ಗೋಡೆಗೆ ಹೊದಿಸಿ ಮಾತು ಗುಂಯ್‌ಗುಡದ ಹಾಗೆ ಮಾಡಿದೆವು. ಮೊಳೆ ಹೊಡೆಯುವಾಗ ತಮ್ಮ ಎರಡು ಸಲ ಬೆರಳು ಜಜ್ಜಿಕೊಂಡ.

ಶುಕ್ರವಾರ ಕಿವಿ ಮೇಡಂ ನಮ್ಮನ್ನು ಗೋಳುಹೊಯ್ದುಕೊಂಡರು. ಕ್ಯಾಮೆರಾ ಶುರುವಾಗುತ್ತಿದ್ದ ಹಾಗೇ ಕೈ ಎತ್ತುತ್ತಿದ್ದರು. "ಎಲ್ಲೋ ನೀರು ಹರೀತಿದೆ." ಹೋಗಿ ನೋಡಿದರೆ ಹಿತ್ತಲ ಕಕ್ಕಸಿನ ತೊಟ್ಟಿ ಸೋರುತ್ತಿತ್ತು. ಅದನ್ನು ನಿಲ್ಲಿಸಿ ಬಂದರೆ ಮತ್ತೆ ಕೈ. ಈ ಸಲ ಪಕ್ಕದ ಮನೆಯವರ ನಲ್ಲಿ. ನಾನು ಹೋಗಿ ಆ ಮನೆಯವರ ಕಾಲು ಹಿಡಿಯುವುದೊಂದು ಬಾಕಿ, ನಲ್ಲಿ ಕಟ್ಟಿಸಿ ಬಂದೆ. ಆಮೇಲೆ ಕೆಲಸ ಸಲೀಸಾಗಿ ಸಾಗಿತು. ಸಂಜೆಯೊಳಗೆ ಹನ್ನೊಂದು ಶಾಟು. ತಮ್ಮ ಕುಣಿದಾಡಿಬಿಟ್ಟ.

ಚಹಾ ಕುಡಿಯುತ್ತಾ ಎಲ್ಲರೂ ಸುತ್ತ ಕೂತು ಆ ದಿನದ್ದನ್ನು ಕೇಳಿದೆವು. ಅಪ್ಪ ಪೆಟ್ಟಿಗೆ ಮುಚ್ಚಿ, ಕಿಟಕಿಯ ಬಳಿ ಹೋಗಿ, "ಈ ಮನೆ..." ಎನ್ನುತ್ತಾರೆ. ಅಷ್ಟರಲ್ಲಿ "ಎಡಕ್ಕೆ ನೋಡಿ ಅಪ್ಪಾ, ಎಡಕ್ಕೆ! ಹಾಂ, ಈಗ ನಿಧಾನ! ಕಣ್ಣು ಒರಿಸ್ಕೊಳ್ಳಿ!" ಎಂದು ತಮ್ಮ ಗಂಟಲು ಹರಿದುಕೊಳ್ಳುತ್ತಾನೆ. ಎರಡನೆಯ ಶಾಟಿನಲ್ಲೂ ಅದೇ. ಹನ್ನೊಂದರಲ್ಲೂ ಅದೇ.

ತಮ್ಮ ಹತ್ತು ವರ್ಷ ದುಡಿದದ್ದೆಲ್ಲ ದನಿಯನ್ನು ಕೊನೆಗೆ ಸ್ಟುಡಿಯೋದಲ್ಲಿ ಹಾಕುವ ಚಿತ್ರಗಳಲ್ಲಿ. ಅಲ್ಲಿ ಶೂಟಿಂಗಿನ ಸದ್ದನ್ನು ಆಮೇಲೆ ಎಸೆದುಬಿಡುತ್ತಾರೆ, ಹಾಗಾಗಿ ಕ್ಯಾಮೆರಾ ಓಡುವಾಗಲೇ ನಿರ್ದೇಶಕರು ಕೂಗಿ ಹೇಳಿಕೊಡುತ್ತಾರೆ. ಅದು ಅವನ ರಕ್ತದಲ್ಲಿ ಇಳಿದುಹೋಗಿತ್ತು. ಅಪ್ಪ ನಲವತ್ತು ವರ್ಷ ಡಬ್ಬಿಂಗ್ ಕೋಣೆಯಲ್ಲಿ ಹೆಡ್‌ಫೋನು ಹಾಕಿಕೊಂಡು ಕೇಳಿದ್ದೂ ಅಂಥ ಕೂಗಾಟವನ್ನೇ, ಅವರಿಗೂ ವಿಚಿತ್ರ ಅನ್ನಿಸಿರಲಿಲ್ಲ. ನಾನಂತೂ ಕೋಲು ಹಿಡಿದು ಅವನ ಪಕ್ಕದಲ್ಲೇ ನಿಂತು, ಎಷ್ಟು ಚೆನ್ನಾಗಿ ಹೇಳಿಕೊಡುತ್ತಾನಲ್ಲ ಎಂದು ಹೆಮ್ಮೆಪಟ್ಟಿದ್ದೆ.

"ನಿಮಗಾದ್ರೂ ಗೊತ್ತಾಗಲಿಲ್ವಾ ಮೇಡಂ?" ಎಂದು ಕಿವಿ ಮೇಡಂ ಮೇಲೆ ಹರಿಹಾಯ್ದೆ. ಕುಣಿಯಲಾರದವಳಿಗೆ ನೆಲ ಡೊಂಕು.

"ಅವರಿಬ್ಬರೂ ಮಾತಾಡೋ ಸಿನಿಮಾ ಅನ್ಕೊಂಡೆ," ಅಂದರು ಅವರು ಪಾಪದ ಮುಖದಲ್ಲಿ. "ನಿಮ್ಮ ತಮ್ಮಂದು ದನಿ ತುಂಬ ಸ್ಪಷ್ಟವಾಗಿ ಬಂದಿದೆ."

ಅಪ್ಪನಿಗೆ ನಗು ಬಂದು, ಅದು ಕೆಮ್ಮಾಗಿ, ಬೆನ್ನು ಸವರಬೇಕಾಯಿತು. ಒಂದು ದಿನದ ಕೆಲಸ ಹೊಳೆಯಲ್ಲಿ ಹುಣಸೆಹಣ್ಣು ತೊಳೆದ ಹಾಗಾಗಿತ್ತು. ಡಾಕ್ಟರು ದಿನಕ್ಕೆ ಎರಡು ಗಂಟೆ ಮಾತ್ರ ಮಾತಾಡಲು ಬಿಟ್ಟಿದ್ದರು. ಉಳಿದದ್ದು ಎರಡೇ ದಿನ, ಸೋಮವಾರ ವಾಪಸ್ಸು ಹೊರಡಲೇಬೇಕು.

ಶನಿವಾರದಿಂದ ನಾನು ಕಾವಲುಗಾರ್ತಿಯಾದೆ. ಕ್ಯಾಮೆರಾ ಶುರುವಾದರೆ ಯಾರೂ ಪಿಟ್ಟೆನ್ನಬಾರದು. ತಮ್ಮನಂತೂ ಬಾಯಿಗೆ ಟವೆಲು ಒತ್ತಿಕೊಂಡು ನಿಲ್ಲಬೇಕು. ಕ್ಯಾಮೆರಾದವನ ಚಪ್ಪಲಿ ಹೊರಗೆ ಬಿಡಿಸಿದೆ. ಬೀಗದ ಕೈಗೊಂಚಲು, ಬಳೆ, ಫೋನು ಎಲ್ಲ ಒಂದು ಬುಟ್ಟಿಗೆ. "ಉಸಿರಾಡಬಹುದಾ ಅಕ್ಕ?" ಎಂದು ತಮ್ಮ ಕೇಳಿದ. "ಮೆತ್ತಗೆ," ಅಂದೆ.

ಮನೆ ಅಷ್ಟು ನಿಶ್ಶಬ್ದವಾದಾಗ ಅಪ್ಪ ಬಾಯಿ ತೆರೆದರು. ಆಹಾ, ಏನು ದನಿ! ಗಂಟೆ ಹೊಡೆದ ಹಾಗೆ ಒಂದೊಂದು ಅಕ್ಷರ. ಗಡ್ಡೆ ಇರುವ ಗಂಟಲು ಅದು ಎಂದು ಆಣೆ ಮಾಡಿ ಹೇಳಿದರೂ ನಂಬುವ ಹಾಗಿರಲಿಲ್ಲ. ತಮ್ಮನ ಕಣ್ಣಲ್ಲಿ ನೀರು. ಕಿವಿ ಮೇಡಂ ಮಾತ್ರ ಹೆಡ್‌ಫೋನು ತೆಗೆದು ತೊಡೆಯ ಮೇಲಿಟ್ಟುಕೊಂಡರು.

"ಏನಾಯ್ತು? ಮತ್ತೆ ನಲ್ಲಿನಾ?" ಅಂದೆ.

"ಅಲ್ಲ. ಇದು ಇವರ ದನಿ ಅಲ್ಲ ಅನ್ಸುತ್ತೆ. ಇದರ ಕೆಳಗೆ ಇನ್ನೊಂದಿದೆ."

ನನಗೆ ಎಲ್ಲಿಲ್ಲದ ಸಿಟ್ಟು ಬಂತು. ನಿನ್ನೆ ಮೈಕು ಹಿಡಿಯಲು ಕಲಿತವರು ಇವತ್ತು ನಲವತ್ತು ವರ್ಷದ ಕಲಾವಿದರಿಗೆ ಬುದ್ಧಿ ಹೇಳುವುದೇ! ಏನೋ ಅನ್ನಲು ಹೊರಟೆ. ಅಪ್ಪ ಕೈಸನ್ನೆ ಮಾಡಿ ನನ್ನನ್ನು ತಡೆದು, ಆಕೆಯ ಎದುರಿಗೆ ಕುರ್ಚಿ ಎಳೆದುಕೊಂಡು ಕೂತರು.

"ಸರಿಯಾಗಿ ಹೇಳಿದ್ರಿ ಅಮ್ಮಾ," ಅಂದರು ಪಿಸುದನಿಯಲ್ಲಿ. "ಇದು ಜಡ್ಜ್‌ದು. ಆ ಮುದುಕ ಮನೆ ಬಿಡುವಾಗ ಯಾವ ದನಿ ಹಾಕೋದು ಅಂತ ಯೋಚಿಸಿ, ಇದು ಒಪ್ಪುತ್ತೆ ಅನ್ನಿಸ್ತು."

"ನಿಮ್ಮದು ಹಾಕಿ."

"ನನ್ನದು ಯಾವುದು ಅಂತ ನಂಗೇ ಗೊತ್ತಿಲ್ವಲ್ಲ."

ಅಪ್ಪ ತಮಾಷೆಗೆ ಹೇಳಲಿಲ್ಲ. ನನಗೆ ಥಟ್ಟನೆ ಅನ್ನಿಸಿತು, ನನಗೂ ಗೊತ್ತಿಲ್ಲ. ದನಿ ಅಪ್ಪನ ಅನ್ನ. ಮನೆಗೆ ಬಂದರೆ ಗಂಟಲಿಗೆ ವಿಶ್ರಾಂತಿ ಬೇಕೆಂದು ಸನ್ನೆಯಲ್ಲೇ ಸಂಸಾರ ನಡೆಸಿದವರು. ಜ್ವರ ಬಂದು ಮಲಗಿದ್ದಾಗ ಹಣೆ ಮುಟ್ಟಿದ್ದಾರೆ, ಮಾತಾಡಿಸಿದ್ದು ನೆನಪಿಲ್ಲ. ಬೈಯಬೇಕಾದಾಗಲೂ ಅಮ್ಮನ ಕೈಲೇ ಬೈಸುತ್ತಿದ್ದರು. ಅಪ್ಪನ ದನಿ ಕೇಳಬೇಕು ಅನ್ನಿಸಿದರೆ ನಾವು ಟಾಕೀಸಿಗೆ ಹೋಗುತ್ತಿದ್ದೆವು. ನಲವತ್ತಾರು ವರ್ಷದ ಹೆಂಗಸು ನಾನು, ನನ್ನ ತಂದೆಯ ದನಿ ಹೇಗಿದೆ ಎಂದು ತಿಳಿಯದೆ ಬೇರೆಯವರ ಊರಿನಲ್ಲಿ ಕೋಲು ಹಿಡಿದು ನಿಂತಿದ್ದೆ. ನನಗೆ ನಾಚಿಕೆಯಾಯಿತು, ಅದಕ್ಕಿಂತ ಹೆಚ್ಚಾಗಿ ಅದನ್ನು ಕೇಳಲೇಬೇಕೆಂಬ ಆಸೆ ಹುಟ್ಟಿತು.

"ರಸ್ತೆ ಸದ್ದು ಇದ್ದಾಗ ನಾನು ಏನೂ ಮಾಡಲ್ಲ," ಅಂದರು ಕಿವಿ ಮೇಡಂ. "ಅದು ತಾನಾಗೇ ಹೋಗೋವರೆಗೂ ಕಾಯ್ತೀನಿ. ನೀರಿನ ಸದ್ದು ಎಲ್ಲಿಗೂ ಹೋಗಲ್ಲ."

ಅಪ್ಪ ಪ್ರಯತ್ನಪಟ್ಟರು. ಪ್ರತಿ ಸಲವೂ ಯಾರೋ ಒಬ್ಬರು ಬರುತ್ತಿದ್ದರು. ಒಮ್ಮೆ ಸಿಡುಕ ತಂದೆ, ಒಮ್ಮೆ ಮುದಿ ಮಂತ್ರಿ. ಪ್ರತಿ ಸಲವೂ ಕಿವಿ ಮೇಡಂ ತಲೆಯಾಡಿಸಿ ಅಲ್ಲ ಎನ್ನುತ್ತಿದ್ದರು, ಅಪ್ಪ ಹುಡುಗನ ಹಾಗೆ ನಗುತ್ತಿದ್ದರು. ಮಾತಿಲ್ಲದ ಶಾಟುಗಳನ್ನೂ ಸಣ್ಣಪುಟ್ಟ ಮಾತುಗಳನ್ನೂ ಹೇಗೋ ಮುಗಿಸಿದೆವು. ಕೊನೆಯ ದೊಡ್ಡ ಮಾತು ಭಾನುವಾರಕ್ಕೆ ಉಳಿಯಿತು.

ಆ ಮಾತು ಇಷ್ಟೇ. ಮುದುಕ ಬಾಗಿಲಲ್ಲಿ ನಿಂತು, ಹೊಸದಾಗಿ ಬರುವ ಬಾಡಿಗೆಯವರಿಗೆ ಬೀಗದ ಕೈ ಕೊಡುತ್ತಾ ಮನೆಯ ಬಗ್ಗೆ ನಾಲ್ಕು ಮಾತು ಹೇಳುತ್ತಾನೆ. ತಮ್ಮ ಬರೆದದ್ದು, ಟೈಪ್ ಮಾಡಿದ್ದು ನಾನೇ. ಹತ್ತು ಸಲ ಓದಿದ್ದರಿಂದ ನನಗೆ ಬಾಯಿಪಾಠವಾಗಿತ್ತು.

ಭಾನುವಾರ ಮಧ್ಯಾಹ್ನದ ಹೊತ್ತಿಗೆ ಅಪ್ಪ ಸೋತಿದ್ದರು. ಜಡ್ಜೂ ಮಂತ್ರಿಯೂ ಬೆಳಿಗ್ಗೆಯೇ ಗಂಟಲು ಬಿಟ್ಟು ಹೋಗಿದ್ದರು. ಬಿಸಿನೀರು ಕುಡಿದರು, ಗೋಡೆ ಹಿಡಿದು ಎದ್ದು ಬಾಗಿಲ ಬಳಿ ನಿಂತರು. ಕಿವಿ ಮೇಡಂ ಕಣ್ಣು ಮುಚ್ಚಿಕೊಂಡು ಬೆರಳು ಎತ್ತಿದರು.

"ಈ ಬಾಗಿಲು ಮಳೆಗಾಲದಲ್ಲಿ ಸ್ವಲ್ಪ ಉಬ್ಬುತ್ತೆ," ಅಂದರು ಅಪ್ಪ. "ಜೋರಾಗಿ ತಳ್ಳಬೇಡಿ, ಸ್ವಲ್ಪ ಎತ್ತಿ ತಳ್ಳಿ. ಅಡುಗೆಮನೆ ನಲ್ಲಿ ಎಡಕ್ಕೆ ತಿರುಗಿಸಿದ್ರೇನೇ ನಿಲ್ಲೋದು."

ತೆಳ್ಳಗಿನ ದನಿ. ಸ್ವಲ್ಪ ಮೂಗಿನಿಂದ ಬರುವಂಥದ್ದು, ಮಾತಿನ ಕೊನೆಗೆ ತುಸು ಕೆಳಗಿಳಿಯುವಂಥದ್ದು. ಯಾವ ಸಿನಿಮಾದಲ್ಲೂ ನಾನು ಅದನ್ನು ಕೇಳಿರಲಿಲ್ಲ. ಆದರೆ ಫೋನಿನಲ್ಲಿ ತಮ್ಮ ಮಾತಾಡುವಾಗ ಕೇಳಿದ್ದೆ, ನನ್ನ ಮಗಳು ಬೇಜಾರಿನಲ್ಲಿರುವಾಗ ಕೇಳಿದ್ದೆ. ಕಿವಿ ಮೇಡಂ ಕಣ್ಣು ತೆರೆಯದೆ ತಲೆಯಾಡಿಸಿ ಹೌದು ಅಂದರು.

"ಹಿಂದಿನ ಕಿಟಕಿ ಬೆಳಿಗ್ಗೆ ತೆಗೀಬೇಡಿ, ಬಿಸಿಲು ಕಣ್ಣಿಗೆ ಹೊಡೆಯುತ್ತೆ. ಮಕ್ಕಳಿದ್ರೆ ಆ ಮೂಲೆ ಕೋಣೆ ಕೊಡಿ. ನಮ್ಮ ಮಕ್ಕಳು ಅಲ್ಲೇ ಬೆಳೆದ್ರು."

ನನಗೆ ಅಳು ಬಂದುಬಿಟ್ಟಿತು. ಸದ್ದಿಲ್ಲದೆ ಕಣ್ಣು ತುಂಬಿಕೊಳ್ಳುವಂಥ ಮರ್ಯಾದಸ್ಥ ಅಳುವಲ್ಲ. ಎದೆಯಿಂದ ಬಿಕ್ಕಿ ಬಂತು. ಎರಡೂ ಕೈಯಲ್ಲಿ ಕೋಲು ಹಿಡಿದಿದ್ದೆ, ಬಾಯಿಗೆ ಏನು ಅಡ್ಡ ಹಿಡಿಯಲಿ?

ತಮ್ಮ ಕೈ ಬೀಸಿ ಕ್ಯಾಮೆರಾ ನಿಲ್ಲಿಸಿದ. ಕಿವಿ ಮೇಡಂ ರೆಕಾರ್ಡಾದದ್ದನ್ನು ಹಿಂದಕ್ಕೆ ತಿರುಗಿಸಿ ಕೇಳಿದರು.

"ಮಾತು ಪೂರ್ತಿ ಬಂದಿದೆ. ಅವರದೇ ದನಿ," ಅಂದರು. ನನ್ನ ಮುಖ ನೋಡದೆ ಮುಂದುವರಿಸಿದರು. "ಕೊನೇ ಸಾಲಿನ ಮೇಲೆ ಅಳು ಬಿದ್ದಿದೆ. ಬಿಡಿಸಕ್ಕಾಗಲ್ಲ."

"ಪರವಾಗಿಲ್ಲ ಅಕ್ಕ, ಪರವಾಗಿಲ್ಲ. ಅಪ್ಪಾ, ಇನ್ನೊಂದೇ ಒಂದು ಸಲ," ಅಂದ ತಮ್ಮ.

ಅಪ್ಪ ಬಾಗಿಲಲ್ಲಿ ನಿಂತು ಬಾಯಿ ತೆರೆದರು. ಬರೀ ಗಾಳಿ ಬಂತು. ನೀರು ಕುಡಿದು ಮತ್ತೆ ನಿಂತರು. ಮತ್ತೆ ಗಾಳಿ. ಮೂರನೆಯ ಸಲಕ್ಕೆ ಅವರೇ ಕೈ ಅಲ್ಲಾಡಿಸಿ ಮುಗಿಯಿತು ಎಂದು ಸನ್ನೆ ಮಾಡಿದರು. ಮಂಗಳವಾರಕ್ಕೆ ಇನ್ನೂ ಎರಡು ದಿನ ಇತ್ತು, ಆದರೆ ಗಂಟಲಿಗೆ ತಾರೀಕು ಗೊತ್ತಿರಲಿಲ್ಲ. ಎರಡು ದಿನ ಎಲ್ಲರ ಬಾಯಿ ಮುಚ್ಚಿಸಿದವಳು ನಾನು, ಬಳೆ ಬಿಚ್ಚಿಸಿದವಳು ನಾನು, ಇದ್ದ ಒಂದೇ ದನಿಯ ಮೇಲೆ ಕೆಸರು ಎರಚಿದವಳೂ ನಾನೇ. ಕೋಲನ್ನು ಗೋಡೆಗೆ ಒರಗಿಸಿ ರಜಾಯಿಯಲ್ಲಿ ಮುಖ ಹುದುಗಿಸಿಕೊಂಡೆ.

ಸ್ವಲ್ಪ ಹೊತ್ತಿಗೆ ತಿರುಗಿ ನೋಡಿದರೆ ಅಪ್ಪ ಹೆಡ್‌ಫೋನು ಹಾಕಿಕೊಂಡು ಕ್ಯಾಮೆರಾದ ಸಣ್ಣ ಪರದೆಯ ಮುಂದೆ ಕೂತಿದ್ದರು. ಬೇರೆಯವರ ತುಟಿ ನೋಡಿಕೊಂಡೇ ಮುದುಕರಾದವರು ತಮ್ಮ ತುಟಿಯನ್ನೇ ನೋಡುತ್ತಿದ್ದರು. ಒಂದು ಸಲ ಕೇಳಿದರು, ಇನ್ನೊಂದು ಸಲ ಕೇಳಿದರು. ಮೂರನೆಯ ಸಲ ಕೊನೆಯ ಸಾಲು ಬಂದಾಗ ಕಣ್ಣು ಮುಚ್ಚಿಕೊಂಡು ಕೇಳಿದರು.

ಆಮೇಲೆ ತಮ್ಮನ ಪುಸ್ತಕಕ್ಕೆ ಕೈ ಚಾಚಿದರು. ಚಿತ್ರದ ಕೊನೆಯಲ್ಲಿ ಹಾಕಬೇಕಾದ ಹೆಸರುಗಳನ್ನು ಅವನು ಅದರ ಹಿಂದಿನ ಪುಟದಲ್ಲಿ ಬರೆದಿಟ್ಟಿದ್ದ. ಅಪ್ಪ ತಮ್ಮದೇ ಹೆಸರು ಎಲ್ಲಿದೆ ಎಂದು ಬೆರಳಿಟ್ಟು ಹುಡುಕಿದರು. 'ನಟನೆ' ಎಂಬಲ್ಲಿ ಇತ್ತು. ಅದರ ಕೆಳಗೆ ನಿಧಾನವಾಗಿ 'ಧ್ವನಿ' ಎಂದು ಬರೆದು, ತಮ್ಮದೇ ಹೆಸರು ಬರೆದರು. ಪಕ್ಕದಲ್ಲಿ ನನ್ನ ಹೆಸರು ಬರೆದರು.

ತಮ್ಮ ಬಗ್ಗಿ ನೋಡಿದ. "ಅಪ್ಪಾ, ಅಕ್ಕನ ಅಳು ಇಟ್ಕೊಳೋದಾ?"

ಅಪ್ಪ ಪೆನ್ನನ್ನು ಮತ್ತೆ ಕಾಗದಕ್ಕೆ ಒತ್ತಿದರು. ದೂರದಿಂದಲೇ ಓದುವಷ್ಟು ದೊಡ್ಡದಾಗಿ ಬರೆದರು.

"ತೆಗೀಬೇಡ. ಹೆಸರೂ ಬಿಡಬೇಡ. ನಲವತ್ತು ವರ್ಷ ಯಾವ ಸಿನಿಮಾದವರೂ ನನ್ನ ಹೆಸರು ಹಾಕಲಿಲ್ಲ."